ಬಿ.ಪಿ. ಮಾತ್ರೆ ಹತ್ತೇ ದಿನಕ್ಕೆ ಏಕೆ? ಸರ್ಕಾರಿ ಆಸ್ಪತ್ರೆಯ ಸಾಲು ಮತ್ತು ಒಂದು ದಿನದ ಕೂಲಿ

ಬಯಲುಸೀಮೆಯ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಅರವತ್ತೆಂಟು ವರ್ಷ. ಅವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇದ್ದು, ಆರು ವರ್ಷಗಳಿಂದ ತಾಲ್ಲೂಕು ಕೇಂದ್ರದ ಸರ್ಕಾರಿ ಆಸ್ಪತ್ರೆಯಿಂದಲೇ ಮಾತ್ರೆ ತರುತ್ತಿದ್ದಾರೆ. ಕಳೆದ ತಿಂಗಳು ಶಾಲೆಗೆ ರಜೆ ಇದ್ದುದರಿಂದ ನಾನೂ ಜೊತೆಗೆ ಹೋಗಿದ್ದೆ. ಆ ದಿನ ಕಂಡದ್ದನ್ನು ಇಲ್ಲಿ ಬರೆದು, ಈ ವ್ಯವಸ್ಥೆಯ ಒಳಗಿರುವವರಿಂದ ಉತ್ತರ ಪಡೆಯಬೇಕೆಂಬುದು ನನ್ನ ಆಸೆ.

ನಮ್ಮೂರಿನಿಂದ ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು, ಅದು ತಪ್ಪಿದರೆ ಹತ್ತೂಕಾಲಿಗೆ ಇನ್ನೊಂದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಗಿರುವುದರಿಂದ ಅಮ್ಮ ಬಂದರೆ ಖರ್ಚಿಲ್ಲ, ಅಪ್ಪನಿಗೆ ಮಾತ್ರ ಟಿಕೆಟ್ಟು. ಚೀಟಿ ಮಾಡಿಸುವ ಸಾಲಿನಲ್ಲಿ ಮುಕ್ಕಾಲು ಗಂಟೆ, ವೈದ್ಯರ ಕೊಠಡಿಯ ಮುಂದೆ ಒಂದೂವರೆ ಗಂಟೆ ಕಳೆಯಿತು. ಒಳಗೆ ಹೋದ ಮೇಲೆ ವೈದ್ಯರು ಅಪ್ಪನ ನೋಟ್‌ಪುಸ್ತಕ ತಿರುವಿ, ಹಿಂದಿನ ಪುಟದಲ್ಲಿದ್ದ ಅವೇ ಮಾತ್ರೆಗಳನ್ನು ಹೊಸ ಪುಟದಲ್ಲಿ ಬರೆದರು. ಬಿ.ಪಿ. ನೋಡಲಿಲ್ಲ. ಬಾಗಿಲ ಆಚೆ ಐವತ್ತು ಜನ ನಿಂತಿದ್ದರು, ಹಾಗಾಗಿ ಅವರನ್ನು ದೂರುವ ಮನಸ್ಸು ನನಗಿಲ್ಲ. ಔಷಧಿ ಕಿಟಕಿಯ ಮುಂದೆ ಮತ್ತೊಂದು ಸಾಲು. ಅಲ್ಲಿದ್ದವರು ಉದ್ದನೆಯ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಹತ್ತು ಬಿ.ಪಿ. ಮಾತ್ರೆಗಳನ್ನೂ ಇಪ್ಪತ್ತು ಸಕ್ಕರೆ ಮಾತ್ರೆಗಳನ್ನೂ ಕೈಗಿಟ್ಟರು. ಔಷಧಿಯ ಹೆಸರು, ಅವಧಿ ಮುಗಿಯುವ ದಿನಾಂಕ ಇದ್ದ ತುದಿ ಅವರ ಬಳಿಯೇ ಉಳಿಯಿತು. ಮನೆಗೆ ಮರಳಿದಾಗ ಮಧ್ಯಾಹ್ನ ಮೂರು ಗಂಟೆ.

ಮಾತ್ರೆ ಹತ್ತನೆಯ ದಿನಕ್ಕೆ ಮುಗಿಯುತ್ತದೆ. ಆದರೆ ಅಪ್ಪ ಮತ್ತೆ ಹೋಗುವುದು ಸಂತೆಯ ದಿನ, ಅಂದರೆ ಹದಿಮೂರನೆಯ ಅಥವಾ ಹದಿನಾಲ್ಕನೆಯ ದಿನ. ನಡುವಿನ ದಿನಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, "ಒಂದು ದಿನ ಬಿಟ್ಟು ಒಂದು ದಿನ ನುಂಗಿದರೆ ಸರಿಹೋಗುತ್ತದೆ" ಎಂದರು. ಆರು ವರ್ಷಗಳಿಂದ ಅವರ ಚಿಕಿತ್ಸೆ ನಡೆದಿರುವುದೇ ಹೀಗೆ ಎಂದು ನನಗೆ ಗೊತ್ತಾದದ್ದು ಅಂದು.

ಲೆಕ್ಕ ಹಾಕಿ ನೋಡಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ತಿಂಗಳಿಗೆ ಮೂರು ಬಾರಿ ಆಸ್ಪತ್ರೆಗೆ ಹೋಗುವ ಕೂಲಿಯವರೊಬ್ಬರು 1,110 ರೂಪಾಯಿ ಕಳೆದುಕೊಳ್ಳುತ್ತಾರೆ. ಜನೌಷಧಿ ಅಂಗಡಿಯಲ್ಲಿ ಅದೇ ಬಿ.ಪಿ. ಮಾತ್ರೆ ಒಂದಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ. ಉಚಿತ ಮಾತ್ರೆಗಾಗಿ ಬಡವನು ತೆರುತ್ತಿರುವ ಬೆಲೆ ಇದು. ಮೂವತ್ತು ದಿನದ ಮಾತ್ರೆಯನ್ನು ಒಮ್ಮೆಗೇ ಕೊಟ್ಟರೆ ಆಸ್ಪತ್ರೆಯ ಸಾಲೂ ಮೂರರಲ್ಲಿ ಒಂದು ಪಾಲಿಗೆ ಇಳಿಯಬೇಕಲ್ಲವೇ? ಇದಕ್ಕೆ ಅಡ್ಡಿಯಾಗಿರುವುದು ಹಣವೋ, ನಿಯಮವೋ, ರೂಢಿಯೋ?

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ, ಕಲ್ಯಾಣ ಕರ್ನಾಟಕ

ಮೇಷ್ಟ್ರೇ, ನಿಮ್ಮ ತಂದೆಯವರ ಮಾತನ್ನು ನಾನು ವಾರಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ದಿನ ಬಿಟ್ಟು ದಿನ ನುಂಗುವವರು, ತಲೆಸುತ್ತು ಬಂದಾಗ ಮಾತ್ರ ನುಂಗುವವರು, ಗಂಡ ಹೆಂಡತಿ ಒಂದೇ ಸ್ಟ್ರಿಪ್ಪನ್ನು ಹಂಚಿಕೊಳ್ಳುವವರು ನನ್ನ ರೋಗಿಗಳಲ್ಲಿದ್ದಾರೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ ಒಂದರಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ.

ಮೊದಲು ನಿಯಮದ ವಿಷಯ ಹೇಳುತ್ತೇನೆ. ಮೂವತ್ತು ದಿನದ ಮಾತ್ರೆ ಕೊಡಬಾರದೆಂಬ ನಿಯಮವಿಲ್ಲ. 2017ರಲ್ಲಿ ಆರಂಭವಾದ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಹೇಳುವುದೂ ಇದನ್ನೇ: ಎಲ್ಲ ವೈದ್ಯರೂ ಅನುಸರಿಸುವ ಸರಳವಾದ ಒಂದು ಚಿಕಿತ್ಸಾ ಕ್ರಮವಿರಬೇಕು, ಆ ಕ್ರಮದಲ್ಲಿರುವ ಕೆಲವೇ ಔಷಧಿಗಳು ಎಂದೂ ತಪ್ಪದಂತೆ ದಾಸ್ತಾನಿರಬೇಕು, ರೋಗಿಗೆ ತಿಂಗಳಿಗಾಗುವಷ್ಟು ಮಾತ್ರೆಯನ್ನು ಮನೆಗೆ ಹತ್ತಿರದ ಉಪಕೇಂದ್ರದಲ್ಲೇ ಕೊಡಬೇಕು, ಬಿ.ಪಿ. ನೋಡುವ ಕೆಲಸವನ್ನು ದಾದಿಯರೂ ಆರೋಗ್ಯ ಕಾರ್ಯಕರ್ತರೂ ಹಂಚಿಕೊಳ್ಳಬೇಕು. ಕರ್ನಾಟಕದಲ್ಲಿ ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತದೊತ್ತಡ ಹೆಚ್ಚಿದೆ ಎಂಬುದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತಿಳಿಯುತ್ತದೆ. ಇಷ್ಟು ಜನರನ್ನು ಹತ್ತು ದಿನಕ್ಕೊಮ್ಮೆ ವೈದ್ಯರ ಮುಂದೆ ನಿಲ್ಲಿಸಲು ಯಾವ ಆಸ್ಪತ್ರೆಯಿಂದಲೂ ಆಗದು.

ನನ್ನ ಕೇಂದ್ರದಲ್ಲಿ ಎರಡು ವರ್ಷಗಳ ಹಿಂದೆ ನಾವು ಒಂದು ಬದಲಾವಣೆ ಮಾಡಿದೆವು. ಬಿ.ಪಿ. ಹಿಡಿತದಲ್ಲಿರುವವರಿಗೆ ಮೂವತ್ತು ದಿನದ ಮಾತ್ರೆ ಕೊಡಲು ಶುರು ಮಾಡಿ, ಅವರನ್ನು ಮಧ್ಯಾಹ್ನ ಎರಡು ಗಂಟೆಯ ನಂತರ ಬರಲು ಹೇಳಿದೆವು. ನಮ್ಮಲ್ಲಿ ಹೊರರೋಗಿಗಳೆಲ್ಲ ಹತ್ತೂವರೆಯಿಂದ ಒಂದರವರೆಗೆ ಒಟ್ಟಿಗೇ ಬರುತ್ತಾರೆ, ಏಕೆಂದರೆ ಬಸ್ಸು ಬರುವುದೇ ಆಗ. ಮಧ್ಯಾಹ್ನದ ನಂತರ ಕಟ್ಟಡ ಖಾಲಿ. ಪಕ್ಕದ ಎರಡು ಹಳ್ಳಿಯವರು ನಡೆದೇ ಬರಬಲ್ಲವರಾದ್ದರಿಂದ ಅವರಿಗೆ ಈ ಸಮಯ ಹೊಂದಿತು. ದೂರದ ಊರಿನವರಿಗೆ ಹೊಂದಲಿಲ್ಲ. ಅವರ ಮಾತ್ರೆಗಳನ್ನು ಉಪಕೇಂದ್ರಕ್ಕೆ ಕಳುಹಿಸತೊಡಗಿದೆವು. ಬೆಳಗಿನ ಸಾಲು ಕರಗಿದ ಮೇಲೆ ಒಬ್ಬೊಬ್ಬ ರೋಗಿಯ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಲು ಸಮಯ ಸಿಕ್ಕಿತು, ಗರ್ಭಿಣಿಯರೊಡನೆ ಕುಳಿತು ಮಾತನಾಡಲು ಸಾಧ್ಯವಾಯಿತು.

ಆದರೆ ಈ ಏರ್ಪಾಡು ಎರಡು ಸಲ ಮುರಿದುಬಿತ್ತು. ಎರಡು ಸಲವೂ ಕಾರಣ ಒಂದೇ. ಜಿಲ್ಲಾ ಉಗ್ರಾಣದಲ್ಲಿ ಅಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆ ಮುಗಿದಿತ್ತು. ಮೂವತ್ತು ದಿನಕ್ಕೆ ಬಂದವರನ್ನು ಮತ್ತೆ ಹತ್ತು ದಿನಕ್ಕೆ ಇಳಿಸಬೇಕಾಯಿತು. ಒಮ್ಮೆ ಬರಿಗೈಯಲ್ಲಿ ಹೋದ ರೋಗಿ ಎರಡನೆಯ ಬಾರಿ ನಮ್ಮನ್ನು ನಂಬಲು ಬಹಳ ದಿನ ಬೇಕು.

ನಿವೃತ್ತ ಫಾರ್ಮಸಿಸ್ಟ್

ಮೇಷ್ಟ್ರು ಬರೆದ ಕತ್ತರಿ ಹಿಡಿದವನು ನಾನೇ ಆಗಿರಬಹುದಿತ್ತು. ಮೂವತ್ತೊಂದು ವರ್ಷ ಆ ಕಿಟಕಿಯ ಒಳಗೆ ಕುಳಿತವನು ನಾನು. ಆದ್ದರಿಂದ ಕತ್ತರಿ ಏಕೆ ಕೈಗೆ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಪ್ರತಿ ವರ್ಷ ಆಸ್ಪತ್ರೆಯು ಮುಂದಿನ ವರ್ಷಕ್ಕೆ ಬೇಕಾದ ಔಷಧಿಗಳ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹಾಕುತ್ತದೆ. ಎಷ್ಟು ಹಾಕಬೇಕೆಂಬುದಕ್ಕೆ ಆಧಾರ ಹಿಂದಿನ ವರ್ಷ ಖರ್ಚಾದ ಪ್ರಮಾಣ. ಗಂಟು ಬಿದ್ದಿರುವುದು ಇಲ್ಲಿಯೇ. ಒಂದು ವರ್ಷ ಮಾತ್ರೆ ಕಡಿಮೆ ಬಂತೆಂದುಕೊಳ್ಳಿ. ಎಲ್ಲರಿಗೂ ಒಂದಿಷ್ಟು ಸಿಗಲಿ ಎಂದು ನಾನು ಮೂವತ್ತರ ಬದಲು ಹತ್ತು ಕೊಡುತ್ತೇನೆ. ಮೂರು ತಿಂಗಳು ದಾಸ್ತಾನು ಪೂರ್ತಿ ಬರಿದಾಗಿ ಯಾರಿಗೂ ಕೊಡಲಾಗುವುದಿಲ್ಲ. ವರ್ಷದ ಕೊನೆಗೆ ದಾಸ್ತಾನು ಪುಸ್ತಕದಲ್ಲಿ ಕಾಣುವುದು ನಾನು ಕೊಟ್ಟದ್ದು ಮಾತ್ರ. ಕೊಡಲಾಗದೆ ಹಿಂದಕ್ಕೆ ಕಳುಹಿಸಿದವರ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲ. ಹೀಗೆ ಕೊರತೆಯ ವರ್ಷದ ಖರ್ಚೇ ಮುಂದಿನ ವರ್ಷದ ಅಗತ್ಯವೆಂದು ದಾಖಲಾಗಿ, ಕೊರತೆಯು ಕಾಯಂ ಆಗುತ್ತದೆ. ಕೈಬರಹದ ಪುಸ್ತಕ ಹೋಗಿ ಕಂಪ್ಯೂಟರ್ ಬಂದರೂ ಒಳಗೆ ತುಂಬುವ ಅಂಕಿ ಅದೇ ಆಗಿದ್ದರೆ ಫಲವೂ ಅದೇ.

ಇನ್ನೊಂದು ಭಯವೂ ಇದೆ. ದಾಸ್ತಾನಿನಲ್ಲಿ ಅವಧಿ ಮುಗಿದ ಔಷಧಿ ಸಿಕ್ಕರೆ ಲೆಕ್ಕಪರಿಶೋಧನೆಯವರು ಆಕ್ಷೇಪಣೆ ಬರೆಯುತ್ತಾರೆ, ಅದಕ್ಕೆ ಉತ್ತರ ಕೊಡಬೇಕಾದವನು ಫಾರ್ಮಸಿಸ್ಟ್. ಔಷಧಿ ಇಲ್ಲದೆ ರೋಗಿ ಹಿಂದಿರುಗಿದರೆ ಯಾರೂ ಆಕ್ಷೇಪಣೆ ಬರೆಯುವುದಿಲ್ಲ. ಹೆಚ್ಚು ತರಿಸಿದರೆ ಶಿಕ್ಷೆ, ಕಡಿಮೆ ತರಿಸಿದರೆ ಏನೂ ಇಲ್ಲ ಎಂದಾದಾಗ ಮನುಷ್ಯನ ಕೈ ಎತ್ತ ವಾಲುತ್ತದೆ ಎಂಬುದನ್ನು ನೀವೇ ಊಹಿಸಬಹುದು. ನಾನೂ ಕಡಿಮೆಯೇ ತರಿಸಿದೆ. ಆ ಬಗ್ಗೆ ನನಗೆ ಇಂದಿಗೂ ನೋವಿದೆ.

ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಸ್ಥಾಪಿಸಿ, ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಕೊಟ್ಟಿತು. ಆಸ್ಪತ್ರೆಗೆ ನಿಗದಿಯಾದ ಹಣದ ಮಿತಿಯೊಳಗೆ ಯಾವ ಔಷಧಿ ಎಷ್ಟು ಬೇಕೋ ಅಷ್ಟನ್ನು ಜಿಲ್ಲಾ ಉಗ್ರಾಣದಿಂದ ತರಬಹುದು. ಬಂದ ಸರಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಆಸ್ಪತ್ರೆಗೆ ಬಿಡುತ್ತಾರೆ. ನಮ್ಮಲ್ಲೂ ವೈದ್ಯಕೀಯ ಸರಬರಾಜು ನಿಗಮವಿದೆ, ಜಿಲ್ಲಾ ಉಗ್ರಾಣಗಳಿವೆ, ಮಾದರಿಯೂ ಬಹುಮಟ್ಟಿಗೆ ಅದೇ. ಟೆಂಡರು ತಡವಾದಾಗ ಎಲ್ಲವೂ ನಿಂತುಹೋಗುತ್ತದೆ. ಬೇಗ ತರಿಸುವ ಆತುರದಲ್ಲಿ ಗುಣಮಟ್ಟವನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅವರಿಗೆ ಹಾಕಿದ್ದ ಡ್ರಿಪ್ಪಿನ ದ್ರಾವಣದ ಮೇಲೆಯೇ ಅನುಮಾನ ಬಂತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಬೆಂಗಳೂರಿನ ಓದುಗ

ಮಾತ್ರೆಯ ಚರ್ಚೆ ಸರಿ, ಆದರೆ ಬಡವರನ್ನು ಸಾಲದ ಕೂಪಕ್ಕೆ ತಳ್ಳುವುದು ದೊಡ್ಡ ಕಾಯಿಲೆಗಳೇ ಹೊರತು ಬಿ.ಪಿ. ಮಾತ್ರೆಯಲ್ಲ ಎಂದು ನನಗನ್ನಿಸುತ್ತದೆ. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತವಾಗಿದೆ. ಇರುವ ಹಣವನ್ನು ಆ ಕಡೆಗೆ ಹರಿಸಿ, ಸಣ್ಣ ಕಾಯಿಲೆಗಳಿಗೆ ಜನ ತಮಗೆ ಅನುಕೂಲವಾದ ಖಾಸಗಿ ಕ್ಲಿನಿಕ್ಕಿಗೆ ಹೋಗುವಂತೆ ಬಿಟ್ಟರೆ ಸರ್ಕಾರಿ ಆಸ್ಪತ್ರೆಗಳ ಮೇಲಿನ ಹೊರೆ ಇಳಿಯುವುದಿಲ್ಲವೇ?

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ, ಕಲ್ಯಾಣ ಕರ್ನಾಟಕ

ಸರ್, ಇದನ್ನು ನಾನು ಒಪ್ಪಲಾರೆ. ಆ ಯೋಜನೆಯಿಂದ ನನ್ನ ರೋಗಿಗಳಿಗೆ ಹೃದಯ ಶಸ್ತ್ರಚಿಕಿತ್ಸೆಗಳಾಗಿವೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ವೈಫಲ್ಯ ಆಕಾಶದಿಂದ ಬೀಳುವುದಿಲ್ಲ. ಹತ್ತು ಹದಿನೈದು ವರ್ಷ ಹಿಡಿತಕ್ಕೆ ಸಿಗದೆ ಹೋದ ಬಿ.ಪಿ., ಸಕ್ಕರೆ ಕಾಯಿಲೆಗಳು ತಲುಪುವ ಜಾಗಗಳಲ್ಲಿ ಇವು ಮುಖ್ಯವಾದವು. ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಹಾಸಿಗೆಯ ಮೇಲೆ ವಾರಕ್ಕೆರಡು ಮೂರು ಬಾರಿ ನಾಲ್ಕು ಗಂಟೆ ಮಲಗುವ ನಲವತ್ತೈದರ ರೈತನನ್ನು ಮಾತನಾಡಿಸಿ ನೋಡಿ. ಮಾತ್ರೆಯನ್ನು ಬಿಟ್ಟು ಬಿಟ್ಟು ನುಂಗಿದ ಕಥೆಯನ್ನು ಬಹಳ ಮಂದಿ ಹೇಳುತ್ತಾರೆ.

ನೀವು ಹೇಳಿದ ಯೋಜನೆಯಲ್ಲಿಯೂ, ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆ ಚೀಟಿ ಬರೆಯುವುದೂ ಅದೇ ಜನಜಂಗುಳಿಯ ಕೊಠಡಿಯಲ್ಲಿ. ಬುಡದಲ್ಲಿ ಸಾಲು ಕರಗದ ಹೊರತು ತುದಿಯ ಬಾಗಿಲೂ ಸರಿಯಾಗಿ ತೆರೆಯುವುದಿಲ್ಲ.

ದೊಡ್ಡ ಕಾಯಿಲೆಯ ವಿಷಯದಲ್ಲಿ ನನಗೆ ಭರವಸೆ ಕೊಟ್ಟಿರುವುದು 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆ. ಎದೆನೋವೆಂದು ಬಂದವರ ಇ.ಸಿ.ಜಿ.ಯನ್ನು ತಾಲ್ಲೂಕು ಆಸ್ಪತ್ರೆಯಿಂದಲೇ ದೊಡ್ಡ ಕೇಂದ್ರದ ಹೃದ್ರೋಗ ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನೂರು ಕಿಲೋಮೀಟರ್ ಆಚೆಯ ನಗರಕ್ಕೆ ಆಂಬುಲೆನ್ಸಿನಲ್ಲಿ ಓಡುವಾಗ ಕಳೆಯುತ್ತಿದ್ದ ಸಮಯ ಇದರಿಂದ ಉಳಿಯುತ್ತದೆ. ತಜ್ಞರ ಬುದ್ಧಿಯನ್ನು ರೋಗಿಯ ಊರಿಗೆ ಹತ್ತಿರ ತರುವ ಈ ದಾರಿಯನ್ನು ಬಿ.ಪಿ. ಮಾತ್ರೆಗೂ ತರಬೇಕೆಂಬುದೇ ನನ್ನ ಮಾತು.

ಮಲೆನಾಡಿನ ಆಶಾ ಕಾರ್ಯಕರ್ತೆ

ಡಾಕ್ಟರಮ್ಮನವರಿಗೂ ಮೇಷ್ಟ್ರಿಗೂ ನಮಸ್ಕಾರ. ಉಪಕೇಂದ್ರದಲ್ಲಿ ಮಾತ್ರೆ ಕೊಡಬೇಕೆಂದು ಎಲ್ಲರೂ ಬರೆದಿದ್ದೀರಿ, ನನಗೂ ಅದು ಬಹಳ ಬೇಕಾಗಿದೆ. ಆದರೆ ಅಲ್ಲಿಯವರೆಗೆ ತಲುಪಿಸುವವರ ಪಾಡನ್ನೂ ಕೇಳಿ.

ಬಯಲುಸೀಮೆಯಲ್ಲಿ ಐದು ಸಾವಿರ, ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೆ ಒಂದು ಉಪಕೇಂದ್ರವೆಂದು ಲೆಕ್ಕ. ಕಾಗದದ ಮೇಲೆ ನಮಗೆ ಅನುಕೂಲವೇ ಮಾಡಿದ್ದಾರೆ. ಆದರೆ ನನ್ನ ಮನೆಗಳು ಒಂದೊಂದು ಒಂದೊಂದು ಗುಡ್ಡದ ಮೇಲಿವೆ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಹೋಗಬೇಕಾದ ಮನೆಗಳು ಏಳಿವೆ. ಹೊಳೆ ತುಂಬಿದರೆ ಆ ಏಳು ಮನೆಗೆ ನಾಲ್ಕೈದು ದಿನ ಹೋಗಲಾಗುವುದಿಲ್ಲ. ಅಂಥ ಮನೆಗೆ ಮೂವತ್ತು ದಿನದ ಮಾತ್ರೆಯೂ ಸಾಲದು. ಜೂನ್ ಬರುವ ಮೊದಲೇ ಎರಡು ತಿಂಗಳಿಗಾಗುವಷ್ಟು ಕೊಡಬೇಕು. ಹಂಚಿನ ಮಾಡಿನ ಕೆಳಗೆ, ಒಲೆಯ ಮೇಲಿನ ಅಟ್ಟದಲ್ಲಿ ಡಬ್ಬಿಯೊಳಗೆ ಇಟ್ಟರೆ ಮಾತ್ರೆಗೆ ನೀರು ತಾಗುವುದಿಲ್ಲ, ಆದರೆ ಬಿಸಿ ತಾಗುತ್ತದೆ. ಎಲ್ಲಿಡಬೇಕೆಂದು ಒಂದೊಂದು ಮನೆಯಲ್ಲೂ ನಾನೇ ತೋರಿಸಿ ಬರುತ್ತೇನೆ.

ನಮ್ಮ ಉಪಕೇಂದ್ರಕ್ಕೆ ಸಮುದಾಯ ಆರೋಗ್ಯಾಧಿಕಾರಿ ಬಂದ ಮೇಲೆ ಒಳ್ಳೆಯದಾಗಿದೆ. ಬಿ.ಪಿ. ನೋಡುತ್ತಾರೆ, ಅನುಮಾನ ಬಂದರೆ ಇ-ಸಂಜೀವಿನಿಯಲ್ಲಿ, ಅಂದರೆ ಫೋನಿನ ಪರದೆಯ ಮೇಲೆ, ದೂರದ ವೈದ್ಯರನ್ನು ಕಾಣಿಸುತ್ತಾರೆ. ನೆಟ್‌ವರ್ಕ್ ಸಿಕ್ಕ ದಿನ ಮಾತ್ರ. ಸಿಗದ ದಿನ ಅವರು ಫೋನು ಹಿಡಿದು ಗೇರುಮರದ ಬುಡಕ್ಕೆ ಹೋಗುತ್ತಾರೆ. ಸಕ್ಕರೆ ನೋಡುವ ಯಂತ್ರವಿದೆ, ಅದಕ್ಕೆ ಹಾಕುವ ಸ್ಟ್ರಿಪ್ ಮುಗಿದು ಐದು ವಾರವಾಯಿತು.

ಇನ್ನೊಂದು ಮಾತು. ಮನೆಮನೆಗೆ ಹೋಗಿ ಮಾತ್ರೆ ಕೊಡುವ ಕೆಲಸವನ್ನು ನಮಗೆ ಒಪ್ಪಿಸುವುದಾದರೆ ಅದಕ್ಕೊಂದು ಸಂಬಳದ ರೂಪ ಕೊಡಿ. ಬಾಣಂತಿಯ ಭೇಟಿಗೆ ಇಷ್ಟು, ಲಸಿಕೆಗೆ ಇಷ್ಟು ಎಂದು ಬಿಡಿಬಿಡಿಯಾಗಿ ಬರುವ ಹಣ ಯಾವ ತಿಂಗಳು ಬರುತ್ತದೆಂದು ಹೇಳಲಾಗದು. ನಮ್ಮದೊಂದು ನಿಶ್ಚಿತ ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಸಾವಿರಾರು ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತಿದ್ದೆವು. ಕೆಲಸ ಬೇಡವೆಂದು ನಾವೆಂದೂ ಹೇಳಿದವರಲ್ಲ.

ಕಾಸರಗೋಡಿನ ಕನ್ನಡಿಗ

ಆಶಾ ಅಕ್ಕನವರ ಮಾತಿಗೆ ನನ್ನದೂ ದನಿಗೂಡಿಸುತ್ತೇನೆ. ಗಡಿಯ ಈಚೆಯಿಂದ ಒಂದೆರಡು ಸಂಗತಿ ಹೇಳುವುದಿದೆ. 2017ರಲ್ಲಿ ಕೇರಳ ಸರ್ಕಾರ ಆರ್ದ್ರಂ ಯೋಜನೆಯಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳನ್ನಾಗಿ ಬದಲಾಯಿಸತೊಡಗಿತು. ಹೊರರೋಗಿ ವಿಭಾಗವನ್ನು ಸಂಜೆ ಆರರವರೆಗೆ ತೆರೆದಿಡುತ್ತಾರೆ. ವೈದ್ಯರ ಬಳಿ ಹೋಗುವ ಮೊದಲೇ ದಾದಿಯೊಬ್ಬರು ಬಿ.ಪಿ., ತೂಕ ಎಲ್ಲ ನೋಡಿ ಬರೆದಿರುತ್ತಾರೆ, ಟೋಕನ್ ಹಿಡಿದು ಕುರ್ಚಿಯಲ್ಲಿ ಕುಳಿತರಾಯಿತು. ಬೀಡಿ ಕಟ್ಟುವ ನನ್ನ ಅತ್ತೆ ಇಡೀ ದಿನದ ಕೆಲಸ ಮುಗಿಸಿ ನಾಲ್ಕೂವರೆಗೆ ಹೋಗಿ ಮಾತ್ರೆ ತರುತ್ತಾರೆ. ನಮ್ಮ ಜಿಲ್ಲೆಯ ಕಯ್ಯೂರು ಕೇಂದ್ರ ರಾಷ್ಟ್ರೀಯ ಗುಣಮಟ್ಟದ ಮೌಲ್ಯಮಾಪನದಲ್ಲಿ ನೂರಕ್ಕೆ 99 ಅಂಕ ಪಡೆದಿದೆ.

ಇಷ್ಟು ಹೇಳಿದವನು ಇನ್ನೊಂದನ್ನು ಮರೆಮಾಚಬಾರದು. ದೊಡ್ಡ ಕಾಯಿಲೆ ಬಂದರೆ ನಮಗೆ ಇಂದಿಗೂ ಮಂಗಳೂರೇ ಗತಿ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಶಂಕುಸ್ಥಾಪನೆಯಾಗಿದ್ದರೂ ಆ ಗತಿ ಬದಲಾಗಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿ ಗಡಿಯನ್ನು ಮುಚ್ಚಿದಾಗ, ನಲವತ್ತು ನಿಮಿಷದ ದಾರಿಯಲ್ಲಿದ್ದ ಆಸ್ಪತ್ರೆ ಒಮ್ಮೆಲೇ ಬೇರೆ ದೇಶದಷ್ಟು ದೂರವಾಯಿತು. ಚಿಕಿತ್ಸೆಗೆ ಹೋಗಲಾಗದೆ ನಮ್ಮವರು ಸತ್ತರು. ಹತ್ತಿರದ ಕೇಂದ್ರ ಎಷ್ಟೇ ಚೆನ್ನಾಗಿದ್ದರೂ ಅದರ ಮೇಲಿನ ಮೆಟ್ಟಿಲು ಇಲ್ಲದಿದ್ದರೆ ಏನಾಗುತ್ತದೆಂದು ನಾವು ಕಣ್ಣಾರೆ ಕಂಡಿದ್ದೇವೆ. ಹಾಗೆಂದು ಸಂಜೆ ಆರರವರೆಗೆ ತೆರೆದಿರುವ ಬಾಗಿಲಿನ ಬೆಲೆ ಕಡಿಮೆಯಾಗುವುದಿಲ್ಲ. ಕರ್ನಾಟಕದ ಹಳ್ಳಿಗಳಿಗೆ ಮೊದಲು ಇದನ್ನೇ ಕೇಳಿ ಎಂದು ನನ್ನ ವಿನಂತಿ.

ಬಯಲುಸೀಮೆಯ ಶಿಕ್ಷಕ

ಎಲ್ಲರ ಉತ್ತರಗಳನ್ನೂ ಎರಡೆರಡು ಬಾರಿ ಓದಿದೆ. ಅಡ್ಡಿಯಾಗಿರುವುದು ನಿಯಮವೆಂದು ನಾನು ಭಾವಿಸಿದ್ದೆ, ಅದು ಲೆಕ್ಕದ ಪುಸ್ತಕದಲ್ಲಿದೆ ಎಂದು ಈಗ ತಿಳಿಯಿತು. ಭಾನುವಾರ ಅಪ್ಪನ ಬಿ.ಪಿ.ಯನ್ನು ನಮ್ಮೂರ ಉಪಕೇಂದ್ರದಲ್ಲಿ ನೋಡಿಸೋಣವೆಂದು ಹೋದರೆ ಬೀಗ ಹಾಕಿತ್ತು. ಸೋಮವಾರ ತೆರೆದಿತ್ತು, ನೋಡಿದರು, ಮೇಲಿನ ಅಂಕಿಯೇ 168 ಇತ್ತು. ಆರು ವರ್ಷ ಚಿಕಿತ್ಸೆಯಲ್ಲಿರುವವರ ರಕ್ತದೊತ್ತಡವಿದು.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸಭೆ ಮುಂದಿನ ತಿಂಗಳಿದೆ. ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರೂ ಇರುವುದರಿಂದ ಒಂದು ಮನವಿ ಬರೆದಿದ್ದೇನೆ. ತಿದ್ದಿಕೊಡಿ: "ನಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ರಕ್ತದೊತ್ತಡ ಹಿಡಿತದಲ್ಲಿರುವ ಎಲ್ಲ ರೋಗಿಗಳಿಗೂ ಮೂವತ್ತು ದಿನದ ಮಾತ್ರೆಯನ್ನು ಅವರವರ ಉಪಕೇಂದ್ರದಲ್ಲಿ ಕೊಡಬೇಕು. ಮುಂದಿನ ಇಂಡೆಂಟ್‌ನಲ್ಲಿ ಕಳೆದ ವರ್ಷದ ಖರ್ಚಿಗಿಂತ ಹೆಚ್ಚು ಮಾತ್ರೆ ಕೇಳಬೇಕು."

ನಿವೃತ್ತ ಫಾರ್ಮಸಿಸ್ಟ್

ಮೇಷ್ಟ್ರೇ, ಮೊದಲು ತಂದೆಯವರನ್ನು ವೈದ್ಯರಿಗೆ ತೋರಿಸಿ. 168 ಇದ್ದರೆ ಮಾತ್ರೆಯ ಪ್ರಮಾಣ ಬದಲಾಗಬೇಕಾಗಬಹುದು. ದಿನ ಬಿಟ್ಟು ದಿನ ನುಂಗುತ್ತಿದ್ದರೆಂಬುದನ್ನು ಅವರಿಗೆ ತಪ್ಪದೆ ಹೇಳಿ, ಇಲ್ಲದಿದ್ದರೆ ಮಾತ್ರೆ ಸಾಲದೆಂದು ತಿಳಿದು ಹೆಚ್ಚಿಸಿಬಿಡುತ್ತಾರೆ.

ಮನವಿಯ ಮೊದಲ ವಾಕ್ಯ ಹಾಗೆಯೇ ಇರಲಿ. ಎರಡನೆಯದನ್ನು ತೆಗೆಯಿರಿ. "ಹೆಚ್ಚು" ಎಂದು ಬರೆದರೆ ಎಷ್ಟು ಹೆಚ್ಚು ಎಂಬ ಪ್ರಶ್ನೆ ಬರುತ್ತದೆ, ಅಲ್ಲಿಗೆ ಕಡತ ನಿಲ್ಲುತ್ತದೆ. ಅದರ ಬದಲು ಹೀಗೆ ಬರೆಯಿರಿ: "ಇಂಡೆಂಟ್ ಅನ್ನು ವಿತರಣೆಯಾದ ಮಾತ್ರೆಗಳ ಲೆಕ್ಕದ ಮೇಲೆ ಹಾಕದೆ, ನೋಂದಾಯಿತ ರೋಗಿಗಳ ಸಂಖ್ಯೆಯನ್ನು 365 ದಿನಗಳಿಂದ ಗುಣಿಸಿ, ಮೂರು ತಿಂಗಳ ಮುಂಗಡ ದಾಸ್ತಾನು ಸೇರಿಸಿ ಹಾಕಬೇಕು. ಔಷಧಿ ಸಿಗದೆ ಹಿಂದಿರುಗಿದವರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ, ಪ್ರತಿ ಸಭೆಯಲ್ಲಿ ಆ ಪುಸ್ತಕವನ್ನು ಮಂಡಿಸಬೇಕು." ನೂರು ಪುಟದ ರೂಳು ಹಾಕಿದ ಪುಸ್ತಕ ಸಾಕು. ಸಭೆಗೆ ಹೋಗುವಾಗ ನೀವೇ ಒಂದನ್ನು ಕೊಂಡು ತೆಗೆದುಕೊಂಡು ಹೋಗಿ, ಮೊದಲ ಪುಟದಲ್ಲಿ ದಿನಾಂಕ, ಹೆಸರು, ಊರು, ಸಿಗದ ಔಷಧಿ ಎಂದು ನಾಲ್ಕು ಕಲಂ ಎಳೆದಿಡಿ.